ಯುದ್ಧ ಶುರುವಾದ ತಿಂಗಳಿನ ಕೆಂಪು

ಹುನಗುಂದದ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ನಾನು ಒಂದೇ ತಿಂಗಳನ್ನು ಕಲಿಸಿದೆ. ಸಾವಿರದ ಒಂಬೈನೂರ ಹದಿನಾಲ್ಕರ ಆಗಸ್ಟ್. ಬೇರೆ ಪಾಠಗಳೂ ಇದ್ದವು ಅನ್ನಿ, ಆದರೆ ಮಕ್ಕಳು ನನ್ನನ್ನು ನೆನಪಿಟ್ಟುಕೊಂಡದ್ದು ಅದರಿಂದಲೇ. ಒಂದನೇ ತಾರೀಖಿಗೆ ಜರ್ಮನಿ ರಷ್ಯಾದ ಮೇಲೆ ಯುದ್ಧ ಸಾರಿತು, ಮೂರಕ್ಕೆ ಫ್ರಾನ್ಸಿನ ಮೇಲೆ, ನಾಲ್ಕಕ್ಕೆ ಇಂಗ್ಲೆಂಡು ಜರ್ಮನಿಯ ಮೇಲೆ. ಹದಿನೈದಕ್ಕೆ ಪನಾಮಾ ಕಾಲುವೆ ತೆರೆಯಿತು. ಇಪ್ಪತ್ತಮೂರಕ್ಕೆ ಜಪಾನೂ ಬಂದು ಸೇರಿತು. ನಾನು ಕೋಲು ಹಿಡಿದು ನಿಂತರೆ ಕಡೆಯ ಬೆಂಚಿನವನೂ ಇದನ್ನು ಗಡಗಡ ಒಪ್ಪಿಸುತ್ತಿದ್ದ. ಐದು ಅಂಕ ಖಾತ್ರಿ. ಎಂಥ ಮಾಸ್ತರ ನಾನು ಎಂಬ ಹಮ್ಮು ನನಗಿತ್ತು. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಆ ತಿಂಗಳು ನಮ್ಮ ಮನೆಯ ಹೊಸ್ತಿಲನ್ನೂ ದಾಟಿ ಬಂದಿತ್ತು. ಮಾಸ್ತರನಿಗೆ ಮಾತ್ರ ಅದು ಗೊತ್ತಿರಲಿಲ್ಲ.

ನಮ್ಮ ಮೂಲ ಮನೆ ಇಳಕಲ್ಲಿನಲ್ಲಿದೆ. ನನ್ನ ಮುತ್ತಜ್ಜ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದ. ಸೆರಗಿನ ಕೆಂಪಿಗೆ ಅವನ ಕೈಯೇ ಆಗಬೇಕೆಂದು ನೇಕಾರರು ಸರದಿ ಕಾಯುತ್ತಿದ್ದರಂತೆ. ಅವನು ಬಣ್ಣ ಹಾಕಿದ ನೂಲಿನ ಒಂದು ಸೀರೆ ಬಾದಾಮಿ ಕಡೆಯ ಮದುವೆಗೆ ಹೋಯಿತು. ನಮ್ಮ ಕಡೆ ಮದುವೆಯಲ್ಲಿ ಸುರಗಿ ಎಂದು ಮಾಡುತ್ತಾರೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ಬಿಸಿನೀರು ಹಾಕುವುದು. ಆ ಮನೆಯವರು ಸುರಗಿಗೂ ಹೊಸ ಸೀರೆಯನ್ನೇ ಉಡಿಸಿದ್ದರು. ನೀರು ಬಿದ್ದದ್ದೇ ತಡ, ಸೆರಗು ಬಣ್ಣ ಬಿಟ್ಟು ಮದುಮಗನ ಬಿಳಿ ಧೋತರವೆಲ್ಲ ಕೆಂಪಾಯಿತು. ಹೆಂಗಸರು ಕೈಯಲ್ಲಿದ್ದ ಚರಿಗೆ ಕೆಳಗೆ ಬಿಟ್ಟರಂತೆ. ಮರು ವರ್ಷ ಊರಿಗೆ ಪ್ಲೇಗು ಬಂತು, ಆ ಹುಡುಗ ಸತ್ತ. ಪ್ಲೇಗಿಗೆ ಯಾರೂ ಶಾಪ ಹಾಕಲಿಲ್ಲ. ನಮ್ಮ ಮುತ್ತಜ್ಜ ಅಗ್ಗದ ಬಣ್ಣ ಹಾಕಿ ಮೋಸ ಮಾಡಿದ, ಅದಕ್ಕೇ ಹುಡುಗಿಯ ಕುಂಕುಮ ಹೋಯಿತು ಎಂದು ಎರಡೂ ಊರಲ್ಲಿ ಮಾತಾಯಿತು.

ನಮ್ಮ ಭಾಗದಲ್ಲಿ ಅಡ್ಡಹೆಸರು ಹುಟ್ಟುವುದು ಹೀಗೆಯೇ. ಉಳ್ಳಾಗಡ್ಡಿ ಮಾರಿದವನ ಮೊಮ್ಮಕ್ಕಳೂ ಉಳ್ಳಾಗಡ್ಡಿಯವರೇ. ಬಣ್ಣದಲ್ಲಿ ಮೋಸ ಮಾಡಿದವರು ಎಂಬ ಅರ್ಥದ ಹೆಸರು ನಮಗೆ ಅಂಟಿಕೊಂಡಿತು. ಮುತ್ತಜ್ಜನ ಕೆಲಸ ಹೋಯಿತು. ಮಗನ ಕಾಲಕ್ಕೂ ಹೆಸರು ಹೋಗಲಿಲ್ಲ. ನನ್ನಪ್ಪ ನೌಕರಿ ಸಿಕ್ಕ ಕೂಡಲೇ ಆ ಹೆಸರು ಕಿತ್ತೊಗೆದು ಊರ ಹೆಸರನ್ನು ಹಚ್ಚಿಕೊಂಡ. ಅಪ್ಪನ ತಂಗಿ, ನನ್ನ ಸೋದರತ್ತೆ, ಹೆಣ್ಣು. ಅವಳಿಗೆ ಹಾಗೆ ಮಾಡಲು ಬರಲಿಲ್ಲ. ಹದಿನೆಂಟನೇ ವಯಸ್ಸಿಗೆ ಅವಳ ನಿಶ್ಚಯವಾಗಿತ್ತು, ಉಡಿ ತುಂಬಿ ಹೋಗಿದ್ದರು. ಮೂರನೇ ವಾರಕ್ಕೆ ಗಂಡಿನ ಕಡೆಯವರು ನಮ್ಮ ಹಳೆಯ ಹೆಸರು ಕೇಳಿ ತಿಳಿದುಕೊಂಡು ಸಂಬಂಧ ಬಿಟ್ಟರು. ಆಮೇಲೆ ಯಾರೂ ಬರಲಿಲ್ಲ. ಅವಳು ಇಳಕಲ್ಲಿನ ಅದೇ ಓಣಿಯಲ್ಲಿ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತು ಬೇರೆಯವರ ಹೆಣ್ಣುಮಕ್ಕಳಿಗೆ ಮದುವೆ ಸೀರೆ ನೇಯ್ದಳು, ಐವತ್ತು ವರ್ಷ.

ಯುದ್ಧಕ್ಕೆ ನೂರು ತುಂಬಿದ ವರ್ಷ ಬಾಗಲಕೋಟೆಯ ಕಾಲೇಜೊಂದರವರು ನನ್ನನ್ನು ಉಪನ್ಯಾಸಕ್ಕೆ ಕರೆದರು. ಜಗತ್ತನ್ನು ಬದಲಿಸಿದ ತಿಂಗಳು ಎಂಬ ವಿಷಯ. ಇದು ನನ್ನದೇ ತಿಂಗಳು ಎಂದು ಹಿಗ್ಗಿ ನಾಲ್ಕು ಪುಸ್ತಕ ತರಿಸಿ ಓದತೊಡಗಿದೆ. ಒಂದರಲ್ಲಿ ಎಲ್ಲೋ ಮೂಲೆಯಲ್ಲಿ ಒಂದು ಸಾಲು ಇತ್ತು. ಆ ಕಾಲದಲ್ಲಿ ಬಟ್ಟೆಯ ಬಣ್ಣದ ಪುಡಿ ಹೆಚ್ಚಾಗಿ ಜರ್ಮನಿಯಿಂದ ಬರುತ್ತಿತ್ತು, ಯುದ್ಧ ಶುರುವಾದೊಡನೆ ಅದು ನಿಂತಿತು ಎಂದು. ಆ ಸಾಲಿನ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದೆ. ಮರುದಿನ ಬೆಳಗಿನ ಬಸ್ಸಿಗೇ ಇಳಕಲ್ಲಿಗೆ ಹೋಗಿ ಅತ್ತೆಯ ಮುಂದೆ ಪುಸ್ತಕ ತೆರೆದು ಓದಿದೆ.

ಅವಳು ಲಾಳಿ ಕೆಳಗಿಟ್ಟು ಕೇಳಿಸಿಕೊಂಡಳು. ಅವಳಿಗೇನೂ ಆಶ್ಚರ್ಯವಾಗಲಿಲ್ಲ.

"ಇದು ಅಜ್ಜ ಸಾಯೂತನಾ ಹೇಳತಿದ್ದ, ತಮ್ಮಾ. ಅಂವಗ ಓದಾಕ ಬರತಿರಲಿಲ್ಲ. ಬಣ್ಣದ ಡಬ್ಬಿ ಮ್ಯಾಲಿನ ನವಿಲ ಚಿತ್ರ ನೋಡಿ ತರತಿದ್ದ. ಆ ಶ್ರಾವಣದಾಗ ಡಬ್ಬಿ ಬರೂದು ನಿಂತತಂತ. ಮುಂದ ದೀಪಾವಳಿಗೆ ಒಬ್ಬ ವ್ಯಾಪಾರಿ ಹಳೇ ಖಾಲಿ ಡಬ್ಬ್ಯಾಗ ಬ್ಯಾರೆ ಪುಡಿ ತುಂಬಿ ಕೊಟ್ಟ. ನವಿಲ ಐತಲ್ಲ ಅಂತ ಅಜ್ಜ ತಗೊಂಡ."

"ನೂಲು ತೊಳದು ನೋಡಲಿಲ್ಲೇನು?"

"ನೋಡಿದ. ತಣ್ಣೀರಾಗ. ಭಾವಿ ನೀರಾಗ ಹಾಕಿ ಹಿಂಡಿ ನೋಡೂದು ಅವರ ಪದ್ಧತಿ. ಒಂದ ಹನಿ ಬಣ್ಣ ಬಿಡಲಿಲ್ಲಂತ. ಸುರಗಿಗೆ ಬಿಸಿನೀರ ಹಾಕ್ತಾರ ಅನ್ನೂದು ತಲ್ಯಾಗ ಬರಲಿಲ್ಲ. ಯಾಕ ಬರಬೇಕು, ಹಳೇ ಬಣ್ಣ ಕುದಿನೀರಿಗೂ ಜಗ್ಗತಿರಲಿಲ್ಲ."

"ಮಂದಿ ಮುಂದ ಹೇಳಬೇಕಿತ್ತು."

"ಹೇಳಿದ. ಎಲ್ಲೋ ಬಿಳಿ ಮಂದಿ ಬಡದಾಡಿದ್ರ ಇಳಕಲ್ಲದಾಗ ಬಣ್ಣ ಯಾಕ ಕೆಡತೈತಿ ಅಂತ ನಕ್ಕರು. ನಾವು ನಿನಗೂ ಹೇಳಿದ್ವಿ, ನೀ ಸಾಲಿ ಕಲಿಯಾವಾಗ. ಮುದುಕನ ಮಾತು ಅಂತ ನೀನೂ ನಕ್ಕಿ."

ನನಗೆ ಅದು ನೆನಪಿರಲಿಲ್ಲ. ಆದರೆ ಅವಳು ಸುಳ್ಳು ಹೇಳುವವಳಲ್ಲ. ಆ ಮೂವತ್ತೆರಡು ವರ್ಷ ನನ್ನ ಮೇಲೇ ಬಿದ್ದಂತಾಯಿತು. ಜಪಾನು ಯಾವ ತಾರೀಖಿಗೆ ಬಂತು ಎಂದು ಗೊತ್ತಿದ್ದ ನನಗೆ ನಮ್ಮ ಮನೆಯ ಕೆಂಪು ಎಲ್ಲಿಂದ ಬರುತ್ತಿತ್ತು ಎಂದು ಕೇಳಬೇಕೆಂದು ಒಂದು ದಿನವೂ ಅನಿಸಿರಲಿಲ್ಲ.

ಹೊರಡುವಾಗ ಅವಳು ಬಾಗಿಲಿಗೆ ಬಂದಳು. "ಈಗ ಪುಸ್ತಕದಾಗ ಐತಿ. ಕಾಲೇಜಿನಾಗ ನೀ ಹೇಳಿದ್ರ ಮಂದಿ ನಂಬ್ತಾರ. ಅಜ್ಜ ಮೋಸಗಾರ ಅಲ್ಲ ಅಂತ ಒಂದ ಮಾತು ನಾಕು ಮಂದಿ ಮುಂದ ಹೇಳು. ನಾ ಬಂದು ಕೇಳಿ ಹೋಗ್ತೇನಿ. ನನಗ ಮತ್ತೇನೂ ಬ್ಯಾಡ." ಹೇಳುತ್ತೇನೆ ಎಂದು ಮಾತು ಕೊಟ್ಟೆ. ಜೀವಮಾನದಲ್ಲಿ ಅವಳು ನನ್ನನ್ನು ಕೇಳಿದ್ದು ಅದೊಂದೇ.

ಉಪನ್ಯಾಸದ ದಿನ ಬೆಳಿಗ್ಗೆ ಹೆಂಡತಿ ಚಹಾ ತಂದಿಟ್ಟು ನಿಂತಳು. ಆಗ ದೊಡ್ಡ ಮಗಳಿಗೆ ಬಾಗಲಕೋಟೆಯ ಒಂದು ಸಂಬಂಧ ನಡೆದಿತ್ತು. ಸೀರೆ ಅಂಗಡಿಯವರು, ಇಳಕಲ್ಲಿನ ಎಲ್ಲ ಮನೆತನಗಳ ಜಾತಕ ಬಲ್ಲವರು. ಆ ಹಳೆಯ ಹೆಸರಿನವರು ನಾವೇ ಎಂಬುದು ಮಾತ್ರ ಅವರ ಕಿವಿಗೆ ಬಿದ್ದಿರಲಿಲ್ಲ.

"ಅವರೂ ಬರ್ತಾರಂತ್ರಿ ಇವತ್ತ. ಆ ಬಣ್ಣದ ಸುದ್ದಿ ತಗೀಬ್ಯಾಡ್ರಿ."

"ಅತ್ತೀಗೆ ಮಾತು ಕೊಟ್ಟೇನಿ."

"ಅತ್ತೀದು ಮುಗದೈತಿ. ಮಗಳದು ಇನ್ನ ಶುರು ಆಗಬೇಕು," ಎಂದು ಹೇಳಿ ಒಳಗೆ ಹೋದಳು. ನಾನು ಚಹಾ ಕುಡಿದು ಅಂಗಿ ತೊಟ್ಟುಕೊಂಡೆ. ಆಗಲೇ ನಾನು ಸೋತಿದ್ದೆ ಎಂದು ಈಗ ಗೊತ್ತಾಗುತ್ತದೆ.

ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಆ ಬೀಗರಾಗಬೇಕಾದವರು ಗಂಡ ಹೆಂಡತಿ ಕೂತಿದ್ದರು. ಮೂರನೇ ಸಾಲಿನಲ್ಲಿ ಅತ್ತೆ. ತಾನೇ ನೇಯ್ದ ಸೀರೆ ಉಟ್ಟು, ಕೆಂಪು ಸೆರಗನ್ನು ತಲೆ ತುಂಬ ಹೊದ್ದು, ಎರಡು ತಾಸು ಬಸ್ಸಿನಲ್ಲಿ ಕೂತು ಬಂದಿದ್ದಳು. ನಾನು ಮುಕ್ಕಾಲು ತಾಸು ಮಾತಾಡಿದೆ. ಜರ್ಮನಿ ಬಂತು, ರಷ್ಯಾ ಬಂತು, ಪನಾಮಾ ಬಂತು. ಜಪಾನಿನ ತನಕ ಬಂದು ನೀರು ಕುಡಿದೆ. ಅತ್ತೆ ಸ್ವಲ್ಪ ಮುಂದಕ್ಕೆ ಬಾಗಿದಳು, ಇನ್ನು ನಮ್ಮ ಸುದ್ದಿ ಎಂದು. ನಾನು ಎಲ್ಲರಿಗೂ ವಂದನೆ ಹೇಳಿ ಕೂತುಬಿಟ್ಟೆ. ಚಪ್ಪಾಳೆ ಜೋರಾಗಿಯೇ ಬಿತ್ತು.

ಅದು ಅಲ್ಲಿಗೇ ಮುಗಿದಿದ್ದರೂ ಆಗುತ್ತಿತ್ತು. ಹೊರಗೆ ಜಗಲಿಯಲ್ಲಿ ಅತ್ತೆ ನನ್ನ ಹತ್ತಿರ ಬಂದು ನಿಂತಳು. ಅಷ್ಟರಲ್ಲಿ ಅಂಗಡಿಯ ಯಜಮಾನರೂ ಬಂದರು. ಭಾಷಣ ಭಾಳ ಛಲೋ ಆತು ಎಂದರು. ಅವರ ಕಣ್ಣು ಅತ್ತೆಯ ಸೆರಗಿನ ಮೇಲೆ ಹೋಯಿತು, ಸೀರೆಯ ಮಂದಿಯಲ್ಲವೇ.

"ಅಮ್ಮಾರು ಇಳಕಲ್ಲನವರೇನ್ರಿ? ಯಾರ ಪೈಕಿ?"

ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. "ನಮಗ ಪರಿಚಯದವರ್ರಿ. ಹಿಂಗ ಭಾಷಣ ಕೇಳಾಕ ಬಂದಾರ."

ಅತ್ತೆ ನನ್ನನ್ನು ಒಂದು ಸಲ ನೋಡಿದಳು. ಆಮೇಲೆ ಅವರಿಗೆ ಕೈ ಮುಗಿದು, "ಹೌದ್ರಿ, ಪರಿಚಯದಾಕಿ," ಎಂದಳು. ನನ್ನ ಸುಳ್ಳನ್ನು ಅವಳೇ ಕಾಪಾಡಿದಳು.

ಬಸ್ ಸ್ಟ್ಯಾಂಡಿನ ತನಕ ಅವಳ ಜೊತೆ ನಡೆದೆ. ಏನೇನೋ ಹೇಳಿದೆ. ವೇಳೆ ಸಾಲಲಿಲ್ಲ, ಮುಂದೆ ಪತ್ರಿಕೆಯಲ್ಲಿ ಬರೆಯುತ್ತೇನೆ, ಮಗಳ ಮದುವೆ ಒಂದು ಆಗಲಿ.  ಅವಳು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ಮಾತಾಡಿದಳು. "ಡಬ್ಬ್ಯಾಗ ಏನೈತಿ ಅಂತ ನಮ್ಮಜ್ಜಗ ಗೊತ್ತಿರಲಿಲ್ಲ, ತಮ್ಮಾ. ನಿನಗ ಗೊತ್ತಿತ್ತು."

ಎಂಟು ದಿನಕ್ಕೆ ಅಂಗಡಿಯವರ ಫೋನು ಬಂತು. ಹುಡುಗನಿಗೆ ಡಾಕ್ಟರ ಹುಡುಗಿ ಕೂಡಿಬಂದಿದ್ದಾಳೆ, ಬೇಜಾರು ಮಾಡಿಕೊಳ್ಳಬೇಡಿ ಎಂದು. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆ ಬಂತು. ಮುಂದೆ ದೊಡ್ಡ ಮಗಳಿಗೆ ಬೇರೆ ಕಡೆ ಮದುವೆಯಾಯಿತು. ಅತ್ತೆ ಬರಲಿಲ್ಲ, ಕಾಲು ನೋವು ಎಂದು ಹೇಳಿ ಕಳಿಸಿದಳು.

ಎರಡು ವರ್ಷದ ಮೇಲೆ ಅತ್ತೆ ತೀರಿಕೊಂಡಳು. ಮಣ್ಣಿಗೆ ಹೋದಾಗ ಓಣಿಯ ತುದಿಯಲ್ಲಿ ಒಬ್ಬ ಯಾರು ಸತ್ತರು ಎಂದು ಕೇಳಿದ. ಪಕ್ಕದವನು ನಮ್ಮ ಹಳೆಯ ಹೆಸರು ಹೇಳಿ, ಅವರ ಮನಿ ಮುದುಕಿ ಎಂದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಕುಹಕವಿರಲಿಲ್ಲ. ಅದು ಅವಳ ಗುರುತು, ಅಷ್ಟೇ. ನಾನು ಹೆಗಲಿನ ಮೇಲಿನ ಟಾವೆಲ್ಲು ಸರಿಮಾಡಿಕೊಂಡು ಮುಂದೆ ನಡೆದೆ.

ಈಗ ಇದನ್ನು ಬರೆದಿದ್ದೇನೆ. ಮುತ್ತಜ್ಜ ಮೋಸಗಾರನಲ್ಲ, ಅವನೇ ಮೋಸ ಹೋದವನು. ನಾಕು ಮಂದಿ ಓದಲಿ. ಆದರೆ ಇಷ್ಟುದ್ದ ಬರಹದಲ್ಲಿ ಅವನ ಹೆಸರು ಹಾಕಿಲ್ಲ, ಅತ್ತೆಯದೂ ಇಲ್ಲ, ನಮ್ಮ ಆ ಅಡ್ಡಹೆಸರೂ ಇಲ್ಲ, ನನ್ನದಂತೂ ಇಲ್ಲವೇ ಇಲ್ಲ. ಸಣ್ಣ ಮಗಳಿಗೆ ಇನ್ನೂ ಗಂಡು ನೋಡುತ್ತಿದ್ದೇವೆ.