ಬೆಚ್ಚಗಿದ್ದ ಲದ್ದಿ

ಕನಕಪುರ ಸೀಮೆಯಲ್ಲಿ, ಕಬ್ಬಾಳಿನಿಂದ ಆಚೆಗಿರುವ ಒಂದು ಬೆಟ್ಟದಲ್ಲಿ ನಾನು ಚಾರಣಕ್ಕೆ ಬರುವವರ ಗೈಡಾಗಿದ್ದೆ. ಕೆಲಸ ಕೊಡಿಸಿದ್ದು ನನ್ನ ಸೋದರಮಾವ; ಅವನು ಅಲ್ಲೇ ಅರಣ್ಯ ಇಲಾಖೆಯ ದಿನಗೂಲಿ ವಾಚರ್. ಇಬ್ಬರಿಗೂ ಕೂಲಿ ಬರುತ್ತಿದ್ದುದು ಟಿಕೆಟ್ಟಿನ ಹಣದಿಂದ. ಕಾಡು ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕು ಎಂದು ಇಲಾಖೆಯ ಸಾಹೇಬರು ಹೇಳುತ್ತಿದ್ದರು. ಕಾಡಿಗೆ ಎಂಥದಪ್ಪ ಖರ್ಚು ಎಂದು ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು.

ಗೇಟು ತೆರೆಯುವ ಮೊದಲು ನಮ್ಮಲ್ಲೊಬ್ಬ ದೊಣೆಯವರೆಗೆ, ಅಂದರೆ ಅರ್ಧ ಬೆಟ್ಟದಲ್ಲಿ ಬಂಡೆಯ ನಡುವೆ ನೀರು ನಿಲ್ಲುವ ಗುಂಡಿಯವರೆಗೆ, ಹೋಗಿ ನೋಡಿ ಬರಬೇಕು. ಆನೆಯ ಲದ್ದಿ ಕಂಡರೆ ಅಂಗಾಲಿಟ್ಟು ನೋಡುವುದು. ತಣ್ಣಗಿದ್ದರೆ ಆನೆ ದಾಟಿ ಹೋಗಿದೆ. ಬೆಚ್ಚಗಿದ್ದರೆ ಅಲ್ಲೇ ಎಲ್ಲೋ ಇದೆ, ಗೇಟಿಗೆ ಸರಪಳಿ. ಎರಡು ಭಾನುವಾರ ಸರಪಳಿ ಬಿದ್ದಿತ್ತು. ಮೂರನೆಯದೂ ಹಾಗೇ ಆದರೆ ಒಬ್ಬನಿಗೆ ಮಾತ್ರ ಕೂಲಿ ಎಂದು ಸಾಹೇಬರು ಹೇಳಿ ಕಳಿಸಿದ್ದರು. ಹೊಸಬ ನಾನೇ. ಮನೆಯಲ್ಲಿ ಹೆಂಡತಿ ಏಳು ತಿಂಗಳ ಬಸುರಿ.

ಮೂರನೇ ಭಾನುವಾರ ಮೇಲೆ ಹೋದವನು ನಾನು. ದೊಣೆಯ ಪಕ್ಕದಲ್ಲೇ ಲದ್ದಿ. ಚಪ್ಪಲಿ ಬಿಟ್ಟು ಕಾಲಿಟ್ಟೆ. ತಟ್ಟೆಗೆ ಹಾಕಿ ಸ್ವಲ್ಪ ಹೊತ್ತಾದ ಮುದ್ದೆಯಷ್ಟು ಬೆಚ್ಚಗಿತ್ತು.

ಕೆಳಗೆ ಬಂದಾಗ ಮಾವ ಕೇಳಿದ, “ಏನ್ಲಾ, ಲದ್ದಿ ಗಿದ್ದಿ ಐತಾ?”

“ಐತೆ ಮಾವ. ತಣ್ಣಗೈತೆ,” ಅಂದೆ.

ಹನ್ನೆರಡು ಜನ ಟಿಕೆಟ್ ಕೊಂಡರು. ಒಬ್ಬರ ಹೆಗಲ ಮೇಲೆ ಪುಟ್ಟ ಮಗಳು. ಮಂಡಿನೋವಿದ್ದರೂ ಮಾವ ಮುಂದೆ ನಡೆದ. ಎಲ್ಲರ ಹಿಂದೆ ನಾನು. ಒಂದೊಂದು ಪೊದೆ ಅಲುಗಿದಾಗಲೂ ನಿಂತು ನೋಡುತ್ತಿದ್ದೆ. ವಾಪಸ್ ಹೋಗೋಣ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಿಲ್ಲ, ಹೇಡಿ ನಾನು.

ದೊಣೆಯ ತಿರುವಿನಲ್ಲಿ ಮಾವ ನಿಂತುಬಿಟ್ಟ. ಹತ್ತು ಮಾರು ಆಚೆ ಒಂಟಿ ಸಲಗ. ಮಾವ ಓಡಲಿಲ್ಲ, ಆ ಮಂಡಿಯಲ್ಲಿ ಓಡುವುದೆಲ್ಲಿ ಬಂತು. ಕೈಯನ್ನು ಬೆನ್ನ ಹಿಂದಕ್ಕೆ ತಂದು, ಹಿಂದೆ ಸರಿಯಿರಿ ಎಂದು ಮೆಲ್ಲಗೆ ಬೀಸಿದ. ನಾನು ಜನರನ್ನು ಬಂಡೆಯ ಮೇಲೆ ಹತ್ತಿಸಿದೆ. ಆನೆ ಕಿವಿ ಅಗಲಿಸಿ, ಸೊಂಡಿಲೆತ್ತಿ ಮಾವನ ವಾಸನೆ ಹಿಡಿಯಿತು. ಮಾವ ಇನ್ನಿಲ್ಲ ಎಂದೇ ತಿಳಿದೆ. ಕೊಂದವನು ನಾನು. ಎಷ್ಟು ಹೊತ್ತಾಯಿತೋ, ಅದು ಪಕ್ಕಕ್ಕೆ ತಿರುಗಿ ಕುರುಚಲಿನೊಳಗೆ ಇಳಿದುಹೋಯಿತು.

ಗೇಟಿನ ಹತ್ತಿರ ಆ ಜನ ನಮ್ಮ ಕೈ ಕುಲುಕಿದ್ದೇನು, ಅಲ್ಲೇ ನಿಂತು ಊರಿಗೆಲ್ಲ ಆನೆಯ ವಿಡಿಯೋ ಕಳಿಸಿದ್ದೇನು. ಅವರು ಹೋದ ಮೇಲೆ ಮಾವನಿಗೆ ನಿಜ ಹೇಳಿದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ.

“ಗೊತ್ತಿತ್ತು ಕಣ್ಲಾ. ನಿನ್ ಮಖ ನೋಡೇ ಗೊತ್ತಾಯ್ತು,” ಅಂದ. “ಸರಪಳಿ ಹಾಕಿದ್ರೆ ನಿನ್ನ ಮನೆಗ್ ಕಳಿಸ್ಬುಡೋರು. ಅದ್ಕೇ ನಾನ್ ಮುಂದೆ ನಡ್ದೆ.”

ಬೆಟ್ಟದಲ್ಲಿ ಹೆದರಿದ್ದಕ್ಕಿಂತ ಹೆಚ್ಚಾಗಿ ಆ ಮಾತಿಗೆ ಹೆದರಿದೆ.

ಮುಂದಿನ ಭಾನುವಾರ ಗೇಟಿನ ಮುಂದೆ ಹಿಂದೆಂದೂ ಕಾಣದಷ್ಟು ಜನ. ಇವತ್ತು ಆನೆ ಸಿಗುತ್ತಾ ಎಂದು ಎಲ್ಲರೂ ಕೇಳುವವರೇ. ಸಾಹೇಬರು ಫೋನಿನಲ್ಲೇ ನಗುತ್ತಿದ್ದರು. ಮೇಲೆ ನೋಡಿ ಬರಲು ಹೋಗಿದ್ದವನು ಮಾವ. ಇಳಿದು ಬಂದವನೇ, “ಏನೂ ಇಲ್ಲ, ಟಿಕೆಟ್ ಕೊಡ್ಲಾ,” ಅಂದ. ನಾನು ಅವನ ಮುಖವನ್ನೇ ನೋಡಿದೆ, ಏನೂ ತಿಳಿಯಲಿಲ್ಲ. ಅವನು ಜನರ ನಡುವೆ ದಾರಿ ಮಾಡಿಕೊಂಡು, ಕುಂಟುತ್ತಾ, ಎಲ್ಲರಿಗಿಂತ ಮುಂದೆ ಹೋಗಿ ನಿಂತ.