ಎಡಗಡೆಯ ಸೀಟಿನ ತೂಕ

ಕೊಡಗು ತನ್ನದೇ ಒಂದು ರಾಜ್ಯವಾಗಿದ್ದ ಆ ಕೆಲವೇ ವರ್ಷಗಳಲ್ಲಿ ಮಡಿಕೇರಿಯಲ್ಲಿದ್ದ ಮಂತ್ರಿಗಳು ಇಬ್ಬರೇ. ಅಂಥ ಪುಟ್ಟ ರಾಜ್ಯಕ್ಕೆ ಒಪ್ಪುವ ಹಾಗೆ ಗಣಿತದ ತಿರುಮಲೇಶ್ವರ ಮೇಷ್ಟ್ರ ಕಾರಿಗೂ ಇದ್ದದ್ದು ಎರಡೇ ಸೀಟು. ಬಟ್ಟೆಯ ಮಾಡು, ಸೊಂಟದೆತ್ತರಕ್ಕೂ ಬಾರದ ಬಾಗಿಲು, ಒಳಗೆ ಕೂತರೆ ನೆಲದ ಮೇಲೇ ಕೂತಂತೆ. ವಿಲಾಯಿತಿಯಲ್ಲಿ ಪಂದ್ಯಕ್ಕೆ ಓಡಿಸುವ ಜಾತಿಯ ಹಗುರ ಕಾರಂತೆ ಅದು. ಚೆಟ್ಟಳ್ಳಿ ಕಡೆಯ ಒಬ್ಬ ದೊರೆ ತೋಟ ಮಾರಿ ಹಡಗು ಹತ್ತುವ ಮುಂಚೆ, ಸ್ಟಾರ್ಟ್ ಮಾಡಿದರೆ ನಿನ್ನದೇ ಎಂದು ನಗುತ್ತ ಹೇಳಿದ್ದ. ಅದರೊಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಮೇಷ್ಟ್ರು ಗೆಳೆಯ ನಾಣಯ್ಯನನ್ನು ಕರೆದುಕೊಂಡು ಹೋದರು. ನಾಣಯ್ಯ ಮಿಲಿಟರಿ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ಬಂದವನು. ಕಾರು ಕೆಮ್ಮಿತು, ಹೊಗೆಯುಗುಳಿತು, ಸ್ಟಾರ್ಟ್ ಆಗಿಯೇಬಿಟ್ಟಿತು. ದೊರೆಯ ನಗು ಅಲ್ಲಿಗೆ ನಿಂತಿತು.

ಬಂದ ಕಾರನ್ನು ಬಂದ ಹಾಗೇ ಓಡಿಸಿದ್ದರೆ ಈ ಕಥೆಯೇ ಇಲ್ಲ. ಆದರೆ ಮೇಷ್ಟ್ರ ಕೈ ಸುಮ್ಮನಿರುವ ಕೈಯಲ್ಲ. ಅವರ ಮನೆಯಿದ್ದದ್ದು ಗುಡಿಬೀದಿಯಲ್ಲಿ. ಅಣ್ಣ ಚಿದಂಬರ ಅಲ್ಲಿಯ ಸುಬ್ರಹ್ಮಣ್ಯನ ಅರ್ಚಕ. ದನದ ಚರ್ಮದ ಸೀಟಿನ ಮೇಲೆ ಮನೆಯವರು ಕೂರುವುದುಂಟೇ? ಮೊದಲು ಚರ್ಮ ಕಿತ್ತು ತೆಂಗಿನ ನಾರು ತುಂಬಿಸಿದರು. ಹೆಂಡತಿ ಪದ್ಮಾಕ್ಷಿ ಅದಕ್ಕೆ ನೀಲಿ ಗೀರಿನ ಬಟ್ಟೆಯ ಗವಸು ಹೊಲಿದುಕೊಟ್ಟಳು. ಆಮೇಲೆ ತುಕ್ಕು ಹಿಡಿದ ನೆಲದ ತಗಡು ಹೋಗಿ ಹಲಸಿನ ಹಲಗೆ ಬಂತು. ಮಳೆನೀರು ಇಳಿದುಹೋಗಲಿ ಎಂದು ಹಲಗೆಗೆ ತೂತು ಕೊರೆದರು. ನೀರು ಇಳಿಯುವ ಬದಲು ರಸ್ತೆಯ ಕೆಸರೇ ಮೇಲಕ್ಕೆ ಚಿಮ್ಮಿ ಪಂಚೆಯನ್ನು ಕಾವಿ ಮಾಡಿತು. ತೂತಿಗೆ ಬಿರಡೆ ಜಡಿದರು. ಅಷ್ಟಕ್ಕೇ ಬಿಟ್ಟರೇ? ಹಗುರ ಕಾರು ಇನ್ನಷ್ಟು ಹಗುರಾದರೆ ಮಡಿಕೇರಿಯ ಏರು ಹತ್ತುವುದು ಸಲೀಸು ಎಂಬ ಲೆಕ್ಕ ತಲೆಗೆ ಹೊಕ್ಕಿತು. ಬಂಪರ್ ಹೋಯಿತು. ಹಿಂದಿನ ಸ್ಟೆಪ್ನಿ ಚಕ್ರ, ಅದನ್ನು ಹೊತ್ತ ಕಬ್ಬಿಣದ ಚೌಕಟ್ಟು, ಎಲ್ಲ ಹಿತ್ತಿಲು ಸೇರಿದವು.

ಕಾರು ಏರನ್ನೇನೋ ಜಿಂಕೆಯ ಹಾಗೆ ಹತ್ತಿತು. ತಿರುವಿನಲ್ಲಿ ಮಾತ್ರ ಕೈಕೊಟ್ಟಿತು. ಸ್ಟೀರಿಂಗ್ ಇದ್ದದ್ದು ಬಲಗಡೆ, ಮೇಷ್ಟ್ರು ಕೂರುವುದು ಬಲಗಡೆ, ಎಡಗಡೆ ಬರೀ ಗಾಳಿ. ಎಡಕ್ಕೆ ತಿರುಗಿದರೆ ಎಡಗಡೆಯ ಹಿಂಚಕ್ರ ನೆಲ ಬಿಡುತ್ತಿತ್ತು. ಒಮ್ಮೆ ಚೆಟ್ಟಳ್ಳಿ ರಸ್ತೆಯಲ್ಲಿ ಕಾರು ಹೊರಳಿ ಬಿದಿರುಮೆಳೆಗೆ ಒರಗಿ ನಿಂತಾಗ, ಕೆಳಗಿನ ಕಣಿವೆ ನೋಡಿ ಮೇಷ್ಟ್ರ ಜೀವ ಬಾಯಿಗೆ ಬಂದಿತ್ತು.

"ಮೇಷ್ಟ್ರೇ, ಕೆತ್ತಿ ಕೆತ್ತಿ ಇದನ್ನ ತರಗೆಲೆ ಮಾಡಿಟ್ರಲ್ಲ ಮಾರಾಯ್ರೇ," ಎಂದ ನಾಣಯ್ಯ. "ಎಡಗಡೆಗೆ ಭಾರ ಬೇಕು."

ರುಬ್ಬುವ ಗುಂಡನ್ನು ಸೀಟಿನ ಮೇಲಿಟ್ಟು ನೋಡಿದರು. ಮೊದಲ ತಿರುವಿನಲ್ಲೇ ಅದು ಉರುಳಿ ಅವರ ಪಾದದ ಮೇಲೆ ಬಿತ್ತು. ನಾಣಯ್ಯನನ್ನೇ ಕೂರಿಸಿದರು. ಅವನು ಆನೆಯಂಥ ಆಳು, ಕಾರು ಎಡಕ್ಕೇ ಕುಸಿಯಿತು. ಕೊನೆಗೆ ಒಂದು ಸಂಜೆ ಪದ್ಮಾಕ್ಷಿಯನ್ನು ಕರೆದರು.

"ಚೆಟ್ಟಳ್ಳಿ ತನಕ ಹೋಗಿಬರೋಣ, ಬರ್ತೀಯಾ?"

ಮದುವೆಯಾದಂದಿನಿಂದ ಮೇಷ್ಟ್ರು ಅವಳನ್ನು ಹಾಗೆ ಕರೆದವರಲ್ಲ. ಮದುವೆ, ಮುಂಜಿ, ತಿಥಿ ಬಿಟ್ಟರೆ ಗಂಡಹೆಂಡಿರು ಜೊತೆಯಾಗಿ ಹೊಸಿಲು ದಾಟಿದ್ದೇ ಇಲ್ಲ. ಅವಳು ಕೈ ಒರೆಸಿಕೊಳ್ಳುತ್ತ ಬಂದವಳು, "ನನ್ನನ್ನಾ?" ಎಂದಳು. ಒಳಗೆ ಹೋಗಿ ಹಸಿರು ಸೀರೆಯುಟ್ಟು ಬಂದಳು. ತಿರುವಿನಲ್ಲಿ "ಸ್ವಲ್ಪ ಎಡಕ್ಕೆ ವಾಲು" ಎಂದರೆ, ಅದೊಂದು ಆಟವೆಂದುಕೊಂಡು ನಗುತ್ತ ವಾಲಿದಳು. ಚಕ್ರ ನೆಲ ಕಚ್ಚಿಕೊಂಡಿತು. ಮೇಷ್ಟ್ರ ಮುಖ ಅರಳಿತು. ಆ ಅರಳಿದ ಮುಖ ತನಗಾಗಿ ಎಂದುಕೊಂಡಳು ಅವಳು. ಯಾರು ತಾನೇ ಅಂದುಕೊಳ್ಳುವುದಿಲ್ಲ?

ಆಮೇಲೆ ವಿರಾಜಪೇಟೆಯ ಸಂತೆಗೆ ಹೋದರು, ದುಬಾರೆಯ ಹೊಳೆದಂಡೆಗೆ ಹೋದರು. ಪದ್ಮಾಕ್ಷಿ ಡಬ್ಬಿಯಲ್ಲಿ ಕೋಡುಬಳೆ ತುಂಬಿ ತರುತ್ತಿದ್ದಳು. ಹೊಳೆಯಲ್ಲಿ ಆನೆಗಳು ಮೀಯುವುದನ್ನು ನೋಡಿ ಮಗುವಿನ ಹಾಗೆ ಗಂಡನ ತೋಳು ಹಿಡಿದಳು. ಅಕ್ಕಪಕ್ಕದವರು ಚುಡಾಯಿಸಿದರೆ ಕೆಂಪಾಗಿ ಒಳಗೆ ಓಡುತ್ತಿದ್ದಳು. ಮೇಷ್ಟ್ರಿಗೂ ಅದು ಹಿತವಾಗಿಯೇ ಇತ್ತು. ಆದರೆ ಹಿತವಾಗಿದೆ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ಅವರಿಗಿರಲಿಲ್ಲ, ಮತ್ತು ಅವರ ತಲೆಯಲ್ಲಿ ಓಡುತ್ತಿದ್ದದ್ದು ಬೇರೆಯೇ. ದಿನವೂ ಶಾಲೆಗೆ ಹೆಂಡತಿಯನ್ನು ಕೂರಿಸಿಕೊಂಡು ಹೋಗಲಾಗುತ್ತದೆಯೇ? ಅವಳಷ್ಟೇ ತೂಕದ ಮರಳು ಆ ಜಾಗದಲ್ಲಿದ್ದರೆ ಸಾಕಲ್ಲ! ಅಂದಾಜು ಎಂಬ ಮಾತು ಅವರಿಗೆ ಆಗದು. ಸರಿಯಾದ ತೂಕವೇ ಬೇಕು.

ಚೆಟ್ಟಳ್ಳಿಯ ಎಸ್ಟೇಟೊಂದರಲ್ಲಿ ಅವರ ಹಳೆಯ ಶಿಷ್ಯ ಪುಟ್ಟಸ್ವಾಮಿ ಲೆಕ್ಕ ಬರೆಯುವ ರೈಟರಾಗಿದ್ದ. ಗೋಡೌನಿನಲ್ಲಿ ಕಾಫಿ ಮೂಟೆ ತೂಗುವ ದೊಡ್ಡ ತಕ್ಕಡಿಯಿತ್ತು, ಎರಡು ಕಡೆಗೂ ಸರಪಳಿಯಲ್ಲಿ ತೂಗುಬಿಟ್ಟ ಹಲಗೆ. ಸ್ವಲ್ಪ ಹೊಳೆಮರಳು ತರಿಸಿಡು, ತಕ್ಕಡಿ ಬೇಕಾಗಿದೆ ಎಂದಷ್ಟೇ ಮೇಷ್ಟ್ರು ಹೇಳಿ ಕಳಿಸಿದ್ದರು.

ಅವರು ಪದ್ಮಾಕ್ಷಿಯೊಡನೆ ಹೋದಾಗ ಕಾಫಿ ಹಣ್ಣಿನ ಪಿಕಿಂಗ್ ಮುಗಿಸಿ ಬಂದ ಹೆಂಗಸರು ತೂಕಕ್ಕೆ ಸಾಲು ನಿಂತಿದ್ದರು.

"ಬನ್ನಿ ಸಾ, ಬನ್ನೀಮ್ಮ. ಮರಳು ಚೀಲಕ್ಕೆ ತುಂಬ್ಸಿಟ್ಟಿದೀನಿ," ಎಂದ ಪುಟ್ಟಸ್ವಾಮಿ.

ಮೇಷ್ಟ್ರು ಹೆಂಡತಿಯತ್ತ ತಿರುಗಿ, "ಒಂದು ನಿಮಿಷ ಆ ಹಲಗೆ ಮೇಲೆ ಕೂತ್ಕೋ," ಎಂದರು.

ಪದ್ಮಾಕ್ಷಿ ತಕ್ಕಡಿಯನ್ನು ನೋಡಿದಳು, ಎದುರು ಹಲಗೆಯ ಮೇಲಿದ್ದ ಚೀಲಗಳನ್ನು ನೋಡಿದಳು, ಗಂಡನನ್ನು ನೋಡಿದಳು. ಅವಳ ಕಣ್ಣು ತುಂಬಿತು.

ಹಿಂದಿನ ಮಳೆಗಾಲದಲ್ಲಿ ಅವಳಿಗೆ ಟೈಫಾಯಿಡ್ ಬಂದಿತ್ತು. ಡಾಕ್ಟರೂ ಕೈಚೆಲ್ಲಿದ್ದ ದಿನಗಳವು. ಆಗ ಮೇಷ್ಟ್ರು ಸಂಜೆಯಾದರೆ ಗುಡಿಯ ಮೆಟ್ಟಿಲ ಮೇಲೆ ಒಬ್ಬರೇ ಹೋಗಿ ಕೂರುತ್ತಿದ್ದರು ಎಂದು ಆಮೇಲೆ ಯಾರೋ ಅವಳಿಗೆ ಹೇಳಿದ್ದರು. ಗಂಡ ಏನೋ ಹರಕೆ ಹೇಳಿಕೊಂಡಿರಬೇಕು, ಕೇಳಿದರೆ ಹೇಳುವ ಆಸಾಮಿಯಲ್ಲ ಎಂದು ಅವಳು ಒಳಗೊಳಗೇ ನಂಬಿಕೊಂಡು ಬಂದಿದ್ದಳು. ಈಗ ಎದುರಿಗೆ ತಕ್ಕಡಿ! ತುಲಾಭಾರವಲ್ಲದೆ ಮತ್ತೇನು?

"ಗುಡಿ ಮೆಟ್ಟಿಲಿನ ಕೆಲಸಕ್ಕೆ ಮರಳು ಸಾಲದು ಅಂತ ಭಾವ ಹೇಳ್ತಿದ್ರು," ಎಂದಳು ಮೆಲ್ಲಗೆ. "ಅದಕ್ಕೇ ಮರಳಲ್ಲಿ ತೂಗಿಸ್ತಿದ್ದೀರಿ, ಅಲ್ವಾ?"

ಮೇಷ್ಟ್ರು ಬಾಯಿ ತೆರೆದರು. ಅಲ್ಲ ಎಂದು ಹೇಳಲು ಅದು ಸರಿಯಾದ ಗಳಿಗೆಯಾಗಿತ್ತು, ಅಂಥ ಗಳಿಗೆ ಇನ್ನೊಮ್ಮೆ ಬರುವುದಿಲ್ಲ. "ಹೂಂ," ಎಂದರು.

ಅವಳು ಚಪ್ಪಲಿ ಕಳಚಿದಳು. ತಕ್ಕಡಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಪೂರ್ವಕ್ಕೆ ಮುಖ ಮಾಡಿ, ಸೆರಗು ಹೊದ್ದು, ಕೈ ಮುಗಿದು, ಕಣ್ಣು ಮುಚ್ಚಿ ಕೂತಳು. ಸಾಲಿನಲ್ಲಿ ನಿಂತಿದ್ದ ಹೆಂಗಸರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ತಲೆಯ ಮೇಲಿನ ಚೀಲಗಳು ಕೆಳಗಿಳಿದವು. ಪುಟ್ಟಸ್ವಾಮಿಯೂ ಚಪ್ಪಲಿ ಬಿಟ್ಟು, ಮರಳನ್ನು ಹೂವು ಏರಿಸುವ ಹಾಗೆ ಬೊಗಸೆ ಬೊಗಸೆಯಾಗಿ ಹಾಕಿದ. ಬೆಳ್ಳಿ ಎಂಬ ಪಿಕಿಂಗ್ ಹೆಂಗಸು ಮಡಿಲ ಗಂಟು ಬಿಚ್ಚಿ, ಕಾಫಿಗೆಂದು ಇಟ್ಟುಕೊಂಡಿದ್ದ ಬೆಲ್ಲದ ಚೂರನ್ನು ಚೀಲದೊಳಗೆ ಹಾಕಿದಳು.

"ನಂದೂ ಒಂದ್ ಚೂರು ಇರ್ಲಿ. ಅಮ್ಮ ಚೆನ್ನಾಗಿರ್ಲಿ."

ಮೇಷ್ಟ್ರು ತಕ್ಕಡಿಯ ಮುಳ್ಳನ್ನೇ ನೋಡುತ್ತ ನಿಂತಿದ್ದರು. ಬೇರೆ ಎಲ್ಲಿ ನೋಡಲೂ ಅವರಿಗೆ ಮುಖವಿರಲಿಲ್ಲ. ಮುಳ್ಳು ನಡುವಿಗೆ ಬಂದು ನಿಂತಾಗ ಹೆಂಗಸರೆಲ್ಲ ಕೈ ಮುಗಿದರು.

ಇಷ್ಟಾದ ಮೇಲಾದರೂ ಮನುಷ್ಯ ಮರಳನ್ನು ನೆಟ್ಟಗೆ ಗುಡಿಗೆ ಒಯ್ಯಬೇಡವೇ? ಒಯ್ಯಲಿಲ್ಲ. ಎಸ್ಟೇಟಿನ ಗಾಡಿಯಲ್ಲಿ ಚೀಲಗಳು ಅವರ ಕಾರಿನ ಶೆಡ್ಡಿಗೇ ಬಂದಿಳಿದವು. ಚಿದಂಬರ ಶುಕ್ರವಾರ ಪ್ರಶಸ್ತ ಎಂದು ಹೇಳಿದ್ದೇ ನೆಪವಾಯಿತು. ಅಲ್ಲಿಯ ತನಕ ಒಂದು ಸಲ ನೋಡಿಬಿಡೋಣ, ಆಮೇಲೆ ಬೇರೆ ಮರಳು ಅಷ್ಟೇ ತೂಗಿ ತಂದರಾಯಿತು, ತೂಕಕ್ಕೇನು ಹೆಸರು ಬರೆದಿದೆಯೇ ಎಂದು ತಮಗೆ ತಾವೇ ಪಾಠ ಹೇಳಿಕೊಂಡರು. ಎಡಗಡೆಯ ಸೀಟನ್ನು ಬಿಚ್ಚಿದರು. ಆ ಜಾಗಕ್ಕೆ ಮೊದಲೇ ಮಾಡಿಟ್ಟಿದ್ದ ಹಲಗೆಯ ಪೆಟ್ಟಿಗೆ ಕೂರಿಸಿ, ಚೀಲಗಳನ್ನು ಒಳಗಿಟ್ಟು ಪಟ್ಟಿ ಬಿಗಿದರು. ಕುಶಾಲನಗರದ ರಸ್ತೆಯಲ್ಲಿ ಕಾರು ರೇಷ್ಮೆಯ ಹಾಗೆ ಓಡಿತು. ಒಂದೇ ಒಂದು ಚಕ್ರ ಏಳಲಿಲ್ಲ. ಮೇಷ್ಟ್ರು ಗೆದ್ದೆ ಎಂದು ಪಕ್ಕಕ್ಕೆ ನೋಡಿದರು. ಹೇಳಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಗೋಣಿಚೀಲದ ಬಾಯಲ್ಲಿ ಬೆಳ್ಳಿ ಹಾಕಿದ ಬೆಲ್ಲಕ್ಕೆ ಇರುವೆ ಮುತ್ತಿತ್ತು. ಥೂ ನಿನ್ನ ಎಂದು ತಮ್ಮನ್ನೇ ಬೈದುಕೊಂಡರು.

ಅಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಹಬ್ಬಿತ್ತು. ಪದ್ಮಾಕ್ಷಿ ಹೇಳದೆ ಉಳಿದ ಮನೆಯಿರಲಿಲ್ಲ. ನಮ್ಮವರು ಬಾಯಲ್ಲಿ ಹೇಳುವವರಲ್ಲ, ಮಾಡಿ ತೋರಿಸುವವರು ಎಂದು ಅವಳು ಹೇಳುವುದು ಒಳಮನೆಗೂ ಕೇಳಿಸುತ್ತಿತ್ತು. ಮೇಷ್ಟ್ರು ಪುಸ್ತಕದೊಳಗೆ ಮುಖ ಹುದುಗಿಸುತ್ತಿದ್ದರು. ಶುಕ್ರವಾರ ಬೇಗ ಎದ್ದು ಪೆಟ್ಟಿಗೆ ಬಿಚ್ಚಿ, ಸೀಟು ಮೊದಲಿನಂತೆ ಕೂರಿಸಿಬಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ ಎಂದು ಅವರ ಎಣಿಕೆ.

ಶುಕ್ರವಾರ ಅವಳು ಅವರಿಗಿಂತ ಬೇಗ ಎದ್ದಿದ್ದಳು.

ಮೇಷ್ಟ್ರು ಸ್ನಾನ ಮುಗಿಸಿ ಒದ್ದೆ ಟವೆಲಿನಲ್ಲೇ ಶೆಡ್ಡಿಗೆ ಬಂದಾಗ ಪದ್ಮಾಕ್ಷಿ ಕಾರಿನ ಪಕ್ಕದಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಳು. ಚೀಲಗಳಿಗೆ ಕುಂಕುಮ ಹಚ್ಚಲು ಬಂದವಳು. ನೀಲಿ ಗೀರಿನ ಗವಸಿನ ಸೀಟು ಗೋಡೆಗೆ ಒರಗಿ, ಅದರ ಮೇಲೆ ಸ್ಪ್ಯಾನರ್‌ಗಳು ಬಿದ್ದಿದ್ದವು. ಅವಳು ಕೂರುತ್ತಿದ್ದ ಜಾಗದಲ್ಲಿ ಪೆಟ್ಟಿಗೆಯಿತ್ತು, ಪೆಟ್ಟಿಗೆಯಲ್ಲಿ ಚೀಲಗಳಿದ್ದವು. ಗಣಿತ ಮೇಷ್ಟ್ರ ಹೆಂಡತಿಗೆ ಅಷ್ಟು ಲೆಕ್ಕ ಬಾರದೇ? ಚೆಟ್ಟಳ್ಳಿ, ವಿರಾಜಪೇಟೆ, ದುಬಾರೆ, ಎಡಕ್ಕೆ ವಾಲು ಎಂದದ್ದು, ಎಲ್ಲ ಅವಳ ಮುಖದ ಮೇಲೆ ಒಂದರ ಹಿಂದೊಂದು ಹಾದುಹೋಗುವುದನ್ನು ಮೇಷ್ಟ್ರು ನಿಂತು ನೋಡಬೇಕಾಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅಳತೆ ಸರಿಯಾಗಿ ಕೂತಿದೆ," ಎಂದಳು ಅವಳು. ಬಗ್ಗಿ ಚೀಲಗಳಿಗೆ ಕುಂಕುಮ ಹಚ್ಚಿದಳು. "ಹೊತ್ತಾಯ್ತು. ನೀವು ಇದನ್ನ ತನ್ನಿ, ನಾನು ನಡ್ಕೊಂಡು ಹೋಗ್ತೀನಿ."

ಕಾರಿನಲ್ಲಿ ಅವಳಿಗೆ ಜಾಗವೂ ಇರಲಿಲ್ಲ.

ಗುಡಿಯ ಮುಂದೆ ಬೀದಿಯವರೆಲ್ಲ ಸೇರಿದ್ದರು. ಚಿದಂಬರ ಚೀಲಗಳ ಮೇಲೆ ಹೂವಿಟ್ಟು, ತಮ್ಮನ ಕೈಗೆ ನೀರು, ಅಕ್ಷತೆ ಕೊಟ್ಟ.

"ಯಾವಾಗ ಹೇಳಿಕೊಂಡದ್ದೋ, ಏನಂತ ಹೇಳಿಕೊಂಡದ್ದೋ? ನಿನ್ನ ಬಾಯಲ್ಲೇ ಹೇಳು, ಸಂಕಲ್ಪ ಮಾಡಿಸ್ತೀನಿ."

ಮೇಷ್ಟ್ರು ಬೊಗಸೆಯೊಡ್ಡಿ ನಿಂತರು. ಎದುರಿಗೆ ದೇವರು, ಪಕ್ಕದಲ್ಲಿ ಹೆಂಡತಿ, ಹಿಂದೆ ಊರು. ಈಗ ಅವಳು ಒಂದು ಮಾತು ಆಡಿದರೆ ಸಾಕಿತ್ತು, ಮಡಿಕೇರಿಯಲ್ಲಿ ಅವರು ತಲೆಯೆತ್ತಿ ಓಡಾಡುವ ಹಾಗಿರಲಿಲ್ಲ. ಆಡಲಿ, ಆಡಿಬಿಡಲಿ ಎಂದೇ ಅವರಿಗೆ ಅನ್ನಿಸಿತು. ಬೊಗಸೆಯ ನೀರು ಬೆರಳ ಸಂದಿಯಿಂದ ಸೋರುತ್ತಿತ್ತು.

"ಹೋದ ಮಳೆಗಾಲದಲ್ಲಿ, ಭಾವ," ಎಂದಳು ಪದ್ಮಾಕ್ಷಿ. ಸ್ವರ ಸ್ವಲ್ಪವೂ ನಡುಗಲಿಲ್ಲ. "ನನಗೆ ಜ್ವರ ಬಂದು ಮಲಗಿದ್ದಾಗ ಇದೇ ಮೆಟ್ಟಿಲ ಮೇಲೆ ಕೂತು ಹೇಳಿಕೊಂಡದ್ದು. ನಾನು ಉಳಿದರೆ ನನ್ನ ತೂಕದಷ್ಟು ಕೊಡ್ತೀನಿ ಅಂತ."

ಚಿದಂಬರ ಮಂತ್ರ ಹೇಳಿದ. ಮೇಷ್ಟ್ರು ನೀರು ಬಿಟ್ಟರು. ಚೀಲ ಬಿಚ್ಚಿ ಮರಳನ್ನು ಮೆಟ್ಟಿಲ ಬುಡದಲ್ಲಿ ಸುರಿದರು.

ಕಾರನ್ನು ಅಲ್ಲಿಯೇ ಬಿಟ್ಟು ಮೇಷ್ಟ್ರು ಅವಳ ಹಿಂದೆ ನಡೆದರು. ಬೀದಿಯ ತಿರುವಿನಲ್ಲಿ ಹೆಜ್ಜೆ ಚುರುಕು ಮಾಡಿ ಅವಳನ್ನು ಸೇರಿಕೊಂಡರು.

"ನಾನು ಹರಕೆ ಹೇಳಿಕೊಂಡಿರಲಿಲ್ಲ," ಎಂದರು ಕೊನೆಗೆ. "ಸುಮ್ಮನೆ ಕೂತಿರ್ತಿದ್ದೆ. ಮನೆಯಲ್ಲಿ ನಿನ್ನನ್ನ ಹಾಗೆ ನೋಡೋಕೆ ಆಗ್ತಿರಲಿಲ್ಲ." ಆ ಮಾತು ಹೇಳಬೇಕಾದ ದಿನಗಳೆಲ್ಲ ಕಳೆದುಹೋಗಿದ್ದವು. ಈಗ ಅದು ಅವರ ಕಿವಿಗೇ ಸಬೂಬಿನ ಹಾಗೆ ಕೇಳಿಸಿತು.

"ಇರಬಹುದು," ಎಂದಳು ಅವಳು, ನಿಲ್ಲದೆ. "ನಿಮ್ಮ ಮಾನ ಉಳಿಸೋಕೆ ಹೇಳಿದ್ದು ಅಂದ್ಕೋಬೇಡಿ. ಆ ಹೆಂಗಸರ ಮುಂದೆ ಕಣ್ಣು ಮುಚ್ಚಿ, ಕೈ ಮುಗಿದು ಕೂತಿದ್ದವಳು ನಾನು. ನಾನು ಕೂತದ್ದು ಸುಳ್ಳಾಗಬಾರದು ಅಂತ ಹೇಳಿದೆ."

ಎದುರುಮನೆಯ ಚನ್ನಬಸಮ್ಮ ಗುಡಿಗೆ ಬರಲಾಗದೆ ಜಗಲಿಯಲ್ಲೇ ಕಾದು ಕೂತಿದ್ದರು. ಇಬ್ಬರನ್ನೂ ಕಂಡೊಡನೆ ಗೋಡೆ ಹಿಡಿದು ಎದ್ದು ನಿಂತರು.

"ಪುಣ್ಯ ಮಾಡಿದ್ದೆ ಕಣಮ್ಮ ನೀನು! ಹೆಂಡ್ತಿ ಬದುಕಿದ್ಲು ಅಂತ ತುಲಾಭಾರ ಮಾಡ್ಸೋ ಗಂಡ ಈ ಕಾಲ್ದಲ್ಲಿ ಯಾರಿಗ್ ಸಿಗ್ತಾನೆ?"

"ಹೌದಮ್ಮ," ಎಂದು ಪದ್ಮಾಕ್ಷಿ ನಕ್ಕಳು. ಆ ನಗುವಿನಲ್ಲಿ ಯಾರಿಗೂ ಏನೂ ಕಾಣುವಂತಿರಲಿಲ್ಲ. ಮೇಷ್ಟ್ರು ಕಿವಿಯ ತನಕ ಕೆಂಪಾಗಿ, ತಲೆ ತಗ್ಗಿಸಿ, ತಮ್ಮ ಮನೆಯ ಗೇಟಿನ ಚಿಲಕ ತೆಗೆಯಲು ತಡಕಾಡಿದರು. ಹೊಗಳಿದರೆ ನಾಚಿಕೊಳ್ಳುತ್ತಾರಲ್ಲ, ಎಂಥ ವಿನಯ ಎಂದು ಚನ್ನಬಸಮ್ಮ ಬೀದಿಗೆಲ್ಲ ಕೇಳುವ ಹಾಗೆ ಮತ್ತೆ ಹೊಗಳಿದರು.