ಕನಕಾ ಸಿಸ್ಟರ್ ಹುಡುಕಿದ ಗೈಡು

ಕನಕಾ ಸಿಸ್ಟರ್ ಛತ್ರಿ ರಿಪೇರಿ ಮಾಡಿಸುತ್ತಿದ್ದದ್ದು ಸಂಕ್ರಾಂತಿಯಲ್ಲಿ. ಹಲಸೂರಿನ ನಮ್ಮ ಗಲ್ಲಿಯಲ್ಲಿ ಮಿಕ್ಕವರೆಲ್ಲ ಮೊದಲ ಮಳೆಗೆ ತೊಯ್ದು ತೊಪ್ಪೆಯಾಗಿ ಬರುವಾಗ ಅವರು ಬಾಗಿಲಲ್ಲಿ ನಿಂತು ನಗುತ್ತಿದ್ದರು. ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿದ್ದು ರಿಟೈರಾದವರು, ಹಾಗಾಗಿ ಗಲ್ಲಿಗೆಲ್ಲ ಸಿಸ್ಟರ್. "ಪೇಷೆಂಟ್ ಬಂದ್ಮೇಲೆ ಕತ್ತರಿ ಹುಡುಕ್ತಾರಾ?" ಎಂದು ಸಿಕ್ಕವರನ್ನೆಲ್ಲ ಗದರುವುದು ಅವರ ಅಭ್ಯಾಸ. ನಾನು ಅವರ ಮಹಡಿ ಮನೆಯ ಬಾಡಿಗೆದಾರ. ಗ್ಯಾಸ್ ಬುಕ್ ಮಾಡಲು ಮರೆತು ಕೆಳಗಿಳಿದು ಹೋದಾಗಲೆಲ್ಲ ಕಾಫಿಗಿಂತ ಮೊದಲು ಈ ಬೈಗುಳ ಸಿಗುತ್ತಿತ್ತು.

ಅವರ ಗಂಡ ಜಯಪಾಲ್ ಅಂಕಲ್ ಸಿಟಿ ಬಸ್ ಕಂಡಕ್ಟರ್ ಆಗಿದ್ದವರು. ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಅವರು ಕೂಗಿದರೆ ರಸೆಲ್ ಮಾರುಕಟ್ಟೆಯೊಳಗೆ ಚೌಕಾಸಿ ಮಾಡುತ್ತಿದ್ದವರೂ ಚೀಲ ಎತ್ತಿಕೊಂಡು ಓಡಿ ಬರುತ್ತಿದ್ದರಂತೆ. ಸ್ಟ್ರೋಕ್ ಆದಮೇಲೆ ಕೈಕಾಲು ಸುಧಾರಿಸಿತು, ಮಾತು ಸುಧಾರಿಸಲಿಲ್ಲ. ತಲೆಯೊಳಗೆ ಎಲ್ಲ ಸರಿಯಾಗೇ ಇತ್ತು, ನಾಲಿಗೆಗೆ ಬರಲು ಹೊತ್ತು ಹಿಡಿಯುತ್ತಿತ್ತು, ಅಷ್ಟೆ. ಅಷ್ಟು ಪುರುಸೊತ್ತು ಯಾರಿಗಿದೆ? ಅವರು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧವನ್ನು ಎದುರಿಗಿದ್ದವರೇ ಹೇಳಿ ಮುಗಿಸಿಬಿಡುತ್ತಿದ್ದರು.

ಅವರದು ಬೌದ್ಧ ಮನೆತನ. ಸ್ಟ್ರೋಕ್ ಆದಮೇಲೆ ಒಮ್ಮೆ ದೊಡ್ಡ ಗುಂಪಿನೊಂದಿಗೆ ಬೋಧಗಯೆಗೆ ಹೋಗಿದ್ದರು. ಬೋಧಿವೃಕ್ಷದ ಮುಂದೆ ಅಂಕಲ್ "ಈ ಮರ..." ಎಂದು ಶುರುಮಾಡಿದರು. "ಎಷ್ಟು ಹಳೇದು ಅಂತಾನಾ?" ಎಂದು ಗೈಡು ತಾನೇ ಪ್ರಶ್ನೆ ಹಾಕಿಕೊಂಡು, ತಾನೇ ಉತ್ತರ ಕೊಟ್ಟು, ಬಾವುಟ ಎತ್ತಿ ಎಲ್ಲರನ್ನೂ ಬಸ್ಸಿಗೆ ಅಟ್ಟಿದ. ಅಂಕಲ್ ಕೇಳಹೊರಟಿದ್ದು ಅದಲ್ಲ. ವಾಪಸು ಬಂದಮೇಲೆ ಅವರು ಮಾತನ್ನೇ ಬಿಟ್ಟರು. ಹಾಲಿನವನಿಗೂ ಕೈಸನ್ನೆ. ಹೀಗೇ ಬಿಟ್ಟರೆ ಇರುವ ನಾಲ್ಕು ಮಾತೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ ದಿನ ಸಿಸ್ಟರ್ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆಯೇ ಮಹಡಿ ಹತ್ತಿ ಬಂದರು. ಮನೆಮಾತು ತಮಿಳು, ಪ್ರೀತಿ ಬಂದಾಗ ಎಲ್ಲರನ್ನೂ 'ಕಣ್ಣು' ಎಂದೇ ಕರೆಯುವರು.

"ಕಣ್ಣು, ಲ್ಯಾಪ್‌ಟಾಪ್ ತೆಗಿ. ಶ್ರೀಲಂಕಾಗೆ ಹೋಗ್ತೀವಿ. ಆ ಮರದ ಕೊಂಬೇನೇ ತಗೊಂಡೋಗಿ ಅನುರಾಧಪುರದಲ್ಲಿ ನೆಟ್ಟಿದಾರಂತೆ."

"ಯಾವಾಗ ಹೋಗೋದು?"

"ಮುಂದಿನ ವರ್ಷ."

"ಅಯ್ಯೋ ಸಿಸ್ಟರ್, ಅದಕ್ಕೆ ಈಗ್ಲೇ ಯಾಕೆ? ಟಿಕೆಟ್ ಯಾವಾಗ ಬೇಕಾದ್ರೂ ಸಿಗುತ್ತೆ."

"ಟಿಕೆಟ್ ಸಿಗುತ್ತೆ. ಮನುಷ್ಯ ಸಿಗ್ಬೇಕಲ್ಲ? ಗುಂಪು ಗಿಂಪು ಬೇಡ, ನಮ್ಮಿಬ್ರಿಗೇ ಅಂತ ಒಬ್ಬ ಗೈಡ್ ಇರ್ಬೇಕು. ಅದು ತೋರಿಸ್ತೀನಿ ಇದು ತೋರಿಸ್ತೀನಿ ಅನ್ನೋರು ನಂಗ್ ಬೇಡ. ನಿಮ್ಮಂಕಲ್ ಮಾತು ಮುಗಿಯೋ ತನಕ ಕಾಯೋರು ಬೇಕು."

ಶುರುವಾಯಿತು ನೋಡಿ ಭಾನುವಾರದ ಸಂದರ್ಶನ. ತಮಿಳು ಬಲ್ಲ ಅಲ್ಲಿಯ ಗೈಡುಗಳನ್ನು ಒಬ್ಬೊಬ್ಬರಾಗಿ ವಿಡಿಯೊ ಕಾಲ್‌ನಲ್ಲಿ ಹಿಡಿಯುವುದು ನನ್ನ ಕೆಲಸ. ಅಂಕಲ್ ಒಲ್ಲೆ ಎಂದು ತಲೆಯಾಡಿಸಿದರೆ, "ಗೈಡು ಯಾರು ಬೇಕು ಅಂತ ನೀವೇ ನೋಡಿ ಹೇಳ್ಬೇಕು, ನಂಗೇನ್ ಗೊತ್ತಾಗುತ್ತೆ?" ಎಂದು ಸಿಸ್ಟರ್ ಅವರನ್ನು ಕ್ಯಾಮೆರಾ ಮುಂದೆ ಕೂರಿಸುತ್ತಿದ್ದರು. ಅವರಿಗೆ ಗೊತ್ತಾಗದ್ದು ಪ್ರಪಂಚದಲ್ಲಿ ಏನಿತ್ತೋ ನಾ ಕಾಣೆ! ಅಂಕಲ್ ಬೇರೆ ದಾರಿಯಿಲ್ಲದೆ "ನಿಮ್ಮೂರಲ್ಲಿ... ಬಸ್ಸು..." ಎನ್ನುವರು. "ಬಸ್ಸು ಬೇಡ ಸಾರ್, ಏಸಿ ಕಾರು ಕೊಡ್ತೀವಿ!" ಎಂದು ಒಬ್ಬ. "ಬಸ್ಸಲ್ಲಿ ರಶ್ಶು ಅಲ್ವಾ ಸಾರ್?" ಎಂದು ಇನ್ನೊಬ್ಬ. "ಥ್ಯಾಂಕ್ಸ್ ತಂಬಿ" ಎಂದು ಸಿಸ್ಟರ್ ಅಲ್ಲಿಗೇ ಮಂಗಳ ಹಾಡುತ್ತಿದ್ದರು. ಪಾಪ, ಒಳ್ಳೆಯ ಹುಡುಗರು. ನನಗೋ ಭಾನುವಾರದ ನಿದ್ದೆಯೆಲ್ಲ ಹಾಳಾಗಿ ಮೈಯೆಲ್ಲ ಉರಿ.

ಕೊನೆಗೊಮ್ಮೆ ಕ್ಯಾಂಡಿಯ ಒಬ್ಬ ನಡುವಯಸ್ಸಿನ ಗೈಡ್ ಸಿಕ್ಕ. ಅಂಕಲ್ "ನಿಮ್ಮೂರಲ್ಲಿ..." ಎಂದು ನಿಂತರು. ಪರದೆಯಲ್ಲಿ ಆತ ಅಲ್ಲಾಡಲಿಲ್ಲ, ರೆಪ್ಪೆ ಕೂಡ ಬಡಿದಂತೆ ಕಾಣಲಿಲ್ಲ. ನೆಟ್ ಹೋಯಿತೆಂದು ನಾನು ಕಾಲ್ ಕಟ್ ಮಾಡಲು ಕೈ ಚಾಚಿದೆ. ಸಿಸ್ಟರ್ ನನ್ನ ಮಣಿಕಟ್ಟು ಹಿಡಿದುಕೊಂಡರು. ಆತನ ತಲೆಯ ಹಿಂದೆ ಫ್ಯಾನು ತಿರುಗುತ್ತಿತ್ತು. ಆತ ಸುಮ್ಮನೆ ಕಾಯುತ್ತಿದ್ದ.

"ನಿಮ್ಮೂರಲ್ಲಿ... ಬಸ್ ಕಂಡಕ್ಟರು... ಬಾಗಿಲಲ್ಲಿ ನಿಂತು... ಕೂಗ್ತಾರಾ?"

"ಕೂಗ್ತಾರೆ ಸಾರ್. ಒಂದಿನ ಅದರಲ್ಲೇ ಹೋಗೋಣ" ಎಂದು ಆತ ನಕ್ಕ.

ಅಂಕಲ್ ಹೆಂಡತಿಯ ಕಡೆ ತಿರುಗಿ "ಇವರೇ" ಎಂದರು. ಬೋಧಗಯೆಯಿಂದ ಬಂದಮೇಲೆ ಅವರು ಪೂರ್ತಿ ಆಡಿದ ಮಾತು ನಾನು ಕೇಳಿದ್ದು ಆ ಪ್ರಶ್ನೆಯೇ ಮೊದಲು. ನಾನು ಕಣ್ಣೊರೆಸಿಕೊಂಡೆ. ಸಿಸ್ಟರ್ ಮಾತ್ರ ಗಟ್ಟಿ. ಈ ಸೀಸನ್ನಿನಲ್ಲಿ ತನಗೆ ಒಂದು ದಿನವೂ ಬಿಡುವಿಲ್ಲ, ಮುಂದಿನ ವರ್ಷವೇ ಆಗಬೇಕು ಎಂದು ಆತ ಹೇಳಿದಾಗ, "ನೋಡ್ದಾ? ಅದಕ್ಕೇ ಈಗ್ಲೇ ಹುಡ್ಕಿದ್ದು" ಎಂದು ನನ್ನತ್ತ ಹುಬ್ಬು ಹಾರಿಸಿ, ಅಲ್ಲೇ ಬುಕ್ ಮಾಡಿಸಿದರು. ಆತ ಕಳಿಸಿದ ಪ್ಲಾನಿನಲ್ಲಿ ಅರ್ಧ ಜಾಗಗಳನ್ನು ಹೊಡೆದುಹಾಕಿ, ದಿನಕ್ಕೆ ಒಂದೇ ಸಾಕು ಎಂದರು.

ಹೋದರು, ಬಂದರು. ಬಂದಮೇಲೆ ಅಂಕಲ್ ಹಾಲಿನವನ ಹತ್ತಿರ ನಿಂತು ಅಲ್ಲಿಯ ಬಸ್ಸಿನ ಕಥೆ ಹೇಳುವುದನ್ನು ನಾನು ಮೇಲಿನಿಂದ ಕೇಳುತ್ತಿದ್ದೆ. ಆ ಬಡಪಾಯಿಗೆ ಬೇರೆ ಮನೆಗಳಿಗೆ ಹೊತ್ತಾಗುತ್ತಿತ್ತು, ಆದರೆ ಸಿಸ್ಟರ್ ಪಕ್ಕದಲ್ಲೇ ನಿಂತಿರುವಾಗ ಅಲುಗಾಡುವಂತಿರಲಿಲ್ಲ.

ಆ ವರ್ಷ ಮುಗಿಯುವ ಮೊದಲೇ ಸಿಸ್ಟರ್ ಹೃದಯಾಘಾತದಿಂದ ಹೋಗಿಬಿಟ್ಟರು. ಇದೊಂದನ್ನು ಮಾತ್ರ ಯಾರಿಗೂ ಮುಂಚೆ ಹೇಳಲಿಲ್ಲ.

ಹಲಸೂರಿನ ಪುಟ್ಟ ವಿಹಾರದಲ್ಲಿ ಅವರ ನೆನಪಿಗೆಂದು ಜನ ಸೇರಿದ್ದರು. ಒಬ್ಬೊಬ್ಬರೇ ಮಾತಾಡಿದ ಮೇಲೆ, ಯಾರೂ ಕರೆಯದೆ, ಅಂಕಲ್ ಎದ್ದು ನಿಂತರು.

"ಅಲ್ಲಿ... ಆ ಮರದ ಹತ್ರ... ಕನಕಾ..."

"ಪ್ರಾರ್ಥನೆ ಮಾಡಿದ್ರು, ಅಲ್ವಾ ಮಾವಾ?" ಎಂದ ಮುಂದಿನ ಸಾಲಿನ ಒಬ್ಬ ನೆಂಟ.

ನನಗೆ ತಡೆಯಲಾಗಲಿಲ್ಲ. "ಸುಮ್ನಿರ್ರೀ ಸ್ವಲ್ಪ! ಅವರೇ ಹೇಳ್ಲಿ" ಎಂದು ಜೋರಾಗಿಯೇ ಅಂದುಬಿಟ್ಟೆ. ಅಂಕಲ್ ತುಟಿ ಒದ್ದೆ ಮಾಡಿಕೊಂಡರು.

"ಕನಕಾ... ಏನೋ ಹೇಳೋಕೆ ಹೋದ್ಲು. ಅಳು ಬಂದ್ಬಿಡ್ತು. ಮಾತೇ... ಹೊರಡ್ಲಿಲ್ಲ ಅವಳಿಗೆ."

ಅಂಕಲ್ ಮುಂದಿನ ಮಾತಿಗೆ ತಡಕಾಡಿದರು.

"ನಾನು... ಕಾದೆ."